‘ನೋಡೋಣ’ ಅಂದವರು ಯಾರು, ಕಾದವರು ಯಾರು?

ಹಿಂಜೆವಾಡಿಯ ಆಫೀಸಿನಲ್ಲಿ ‘ಮೂರ್ನಾಲ್ಕು ದಿನ’ ಎನ್ನುವ ಹಾಗಿಲ್ಲ, ತಾರೀಕು ಬೇಕು. ಹೊರಗೆ ಬಂದರೆ ಪುಣೆಯೂ ನಮ್ಮಂತೆಯೇ ‘ತೀನ್-ಚಾರ್ ದಿವಸ್’ ಎನ್ನುತ್ತದೆ. ಚೀನೀ ಭಾಷೆಯಲ್ಲೂ ಮೂರು, ನಾಲ್ಕನ್ನು ಹೀಗೇ ಪಕ್ಕಪಕ್ಕ ಇಟ್ಟುಬಿಡುತ್ತಾರೆ. ಇಂಗ್ಲಿಷಿಗೆ ಮಾತ್ರ ನಡುವೆ ಒಂದು ‘ಆರ್’ ಬೇಕು. ಹಾಗೆಂದು ಇಂಗ್ಲಿಷ್ ಖಚಿತ, ನಮ್ಮದು ಮಸುಕು ಎನ್ನಲಾದೀತೆ? ಇಂಟರ್‌ವ್ಯೂ ಕೊಟ್ಟು ‘ಸೂನ್’ ಎಂಬ ಮಾತು ನಂಬಿ ಕಾದವರನ್ನು ಕೇಳಿ.

ಚೀನೀ ಲೇಖಕ ಹೂ ಷಿ ‘ಚಾಬುದುವೋ’, ಅಂದರೆ ‘ಹೆಚ್ಚುಕಡಿಮೆ ಅಷ್ಟೇ’ ಎನ್ನುವ ಮಹಾಶಯನೊಬ್ಬನ ಕಥೆ ಬರೆದಿದ್ದಾನೆ. ಕಾಯಿಲೆ ಬಿದ್ದಾಗ ವೈದ್ಯರ ಬದಲು ದನದ ಡಾಕ್ಟರು ಬರುತ್ತಾರೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಎಂದುಕೊಂಡು ಆತ ಸಾಯುತ್ತಾನೆ. ಔಷಧಿಯಲ್ಲಿ ಮಸುಕು ಸಲ್ಲದು, ನಿಜ. ಆದರೆ ಸಾಲ ಕೇಳಿದ ಗೆಳೆಯನಿಗೆ ‘ನೋಡೋಣ’ ಎಂದರೆ? ಮರಾಠಿಯ ‘ಬಘೂಯಾ’ ಕೂಡ ಅದೇ. ‘ಇಲ್ಲ’ ಎಂಬುದು ಇಬ್ಬರಿಗೂ ತಿಳಿಯುತ್ತದೆ, ಕೇಳಿದವನ ಮಾನವೂ ಉಳಿಯುತ್ತದೆ. ಅದು ಸುಳ್ಳಲ್ಲ, ದಾಕ್ಷಿಣ್ಯ.

ಅರ್ಥ ಒಬ್ಬರಿಗೆ ಮಾತ್ರ ಗೊತ್ತಿದ್ದಾಗ ಅದೇ ಮಾತು ಮೋಸವಾಗುತ್ತದೆ. ‘ಪಂಚಮಿಗೆ ಬರ್ತಿಯೇನೋ?’ ಎಂದು ಅವ್ವ ಫೋನಿನಲ್ಲಿ ಕೇಳಿದಳು. ರಜೆ ಸಿಗುವುದಿಲ್ಲವೆಂದು ಗೊತ್ತಿದ್ದೂ ‘ನೋಡೋಣವ್ವ’ ಅಂದೆ. ‘ಇಲ್ಲ’ ಎಂದು ಹೇಳುವ ಸಂಕಟ ನನಗೆ ತಪ್ಪಿತು. ಅವಳು ನನ್ನ ಪಾಲಿನ ಉಂಡಿಯನ್ನೂ ಕಟ್ಟಿಟ್ಟಳು.

‘ನೋಡೋಣ’ ಬಹುವಚನದ ಮಾತು, ಇಬ್ಬರೂ ಸೇರಿ ನೋಡುವುದು. ಆ ಪಂಚಮಿಗೆ ದಾರಿ ನೋಡಿದವಳು ಅವ್ವ ಒಬ್ಬಳೇ.