ಸುಮ್ಮನಿರುವ ಮಗು ದಡ್ಡ ಮಗುವೇ?

ಮನೆಗೆ ಅತಿಥಿಗಳು ಬಂದಾಗ ಮಗು ನಡುವೆ ಬಾಯಿ ಹಾಕಿದರೆ ನೀವೇನು ಮಾಡುತ್ತೀರಿ? ಕಣ್ಣಲ್ಲೇ ಗದರಿಸುತ್ತೀರಿ. ಹಿರಿಯರ ಮುಂದೆ ಸುಮ್ಮನಿರುವುದೇ ಅದಬು ಎಂದು ಕಲಿಸುತ್ತೀರಿ. ಅದೇ ಮಗು ಮರುದಿನ ತರಗತಿಯಲ್ಲಿ ಅಧ್ಯಾಪಕರ ಮುಂದೆ ಸುಮ್ಮನೆ ನಿಂತರೆ ಅದಕ್ಕೆ ಸಿಗುವ ಬಿರುದು 'ದಡ್ಡ'. ಮನೆಯಲ್ಲಿ ಸದ್ಗುಣವಾದುದು ತರಗತಿಯಲ್ಲಿ ದೋಷವಾದರೆ ಅದರ ಶಿಕ್ಷೆಯನ್ನು ಮಗುವೇ ಏಕೆ ಅನುಭವಿಸಬೇಕು?

ನಾನೂ ಈ ತಪ್ಪು ಮಾಡಿದವನೇ. ಕಾಟಿಪಳ್ಳವು ನವಮಂಗಳೂರು ಬಂದರಿಗಾಗಿ ಮನೆ, ನೆಲ ಬಿಟ್ಟುಕೊಟ್ಟವರಿಗೆ ನೆಲೆಯಾದ ಊರು. ಇಲ್ಲಿನ ಮಗು ಉಮ್ಮನೊಂದಿಗೆ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿ, ಮದ್ರಸದಲ್ಲಿ ಅರಬಿ ಓದುತ್ತದೆ. ಇಂಥ ಮಗುವನ್ನು ದಡ್ಡ ಎನ್ನಲು ನಾಲಿಗೆ ಹೇಗೆ ಬರುತ್ತದೋ! ನನಗೆ ಬಂತು. ವುಳೂವಿನ ಫರ್ಳ್‌ಗಳು ಎಷ್ಟೆಂದು ಒಬ್ಬ ಹುಡುಗನನ್ನು ಮೂರು ದಿನ ಕೇಳಿದೆ. ತಲೆ ತಗ್ಗಿಸಿ ನಿಂತ. ಕಲಿಯುವ ಮನಸ್ಸೇ ಇಲ್ಲವೆಂದು ಅವನ ತಂದೆಗೆ ಹೇಳಿಯೂಬಿಟ್ಟೆ. ಅದೇ ವಾರ ಮಸೀದಿಯ ಹೌಳಿನ ಬಳಿ ಅವನು ತಮ್ಮನಿಗೆ ವುಳೂ ಕಲಿಸುತ್ತಿದ್ದ. ಮುಖ ತೊಳೆಯುವಾಗಲೇ ನಿಯ್ಯತ್ ಇರಬೇಕೆಂದು ಹೇಳಿಕೊಟ್ಟ. ಮೊಣಕೈಯ ಹಿಂಬದಿ ಒಣಗಿದ್ದುದನ್ನು ತೋರಿಸಿ ಮತ್ತೆ ತೊಳೆಸಿದ. ಆರಕ್ಕೆ ಆರೂ ಅವನಿಗೆ ಗೊತ್ತಿತ್ತು. ಅಜ್ಜನ ಪಕ್ಕ ನಿಂತು ನೋಡಿ ಕಲಿತದ್ದಂತೆ.

ಯೋಚಿಸಿ ನೋಡಿ. ಉಪ್ಪು ಎಲ್ಲಿದೆ ಎಂದು ಉಮ್ಮ ಕೇಳುವುದು ಉಪ್ಪು ಕಾಣದಿದ್ದಾಗ. ಗೊತ್ತಿರುವುದನ್ನೇ ಉಸ್ತಾದರು ಏಕೆ ಕೇಳುತ್ತಾರೆ? ಜಿಬ್ರೀಲ್(ಅ) ಅಪರಿಚಿತನ ರೂಪದಲ್ಲಿ ಬಂದು, ಪ್ರಶ್ನೆ ಕೇಳಿ, ಉತ್ತರ ಸರಿಯೆಂದು ತಾವೇ ಹೇಳಿದಾಗ ಸಹಾಬಿಗಳೂ ಅಚ್ಚರಿಪಟ್ಟಿದ್ದರು. ಅಮೆರಿಕದ ಕೆರೊಲಿನಾ ಪ್ರದೇಶದಲ್ಲಿ ಕಾರ್ಮಿಕ ಕುಟುಂಬಗಳ ನಡುವೆ ಹಲವು ವರ್ಷ ಅಧ್ಯಯನ ನಡೆಸಿದ ಶರ್ಲಿ ಬ್ರೈಸ್ ಹೀತ್ ಎಂಬ ವಿದ್ವಾಂಸೆ 1983ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದರು. ಅಲ್ಲಿನ ಕರಿಯ ಜನಾಂಗದ ಹಿರಿಯರು ಇದರ ಬಣ್ಣವೇನೆಂದು ಮಕ್ಕಳನ್ನು ಕೇಳುತ್ತಿದ್ದುದು ವಿರಳ. ಇದು ಯಾವುದರ ಹಾಗಿದೆ ಎಂದು ಕೇಳುತ್ತಿದ್ದರು. ಅಧ್ಯಾಪಕರು ಅಂಥ ಪ್ರಶ್ನೆಗಳನ್ನು ತರಗತಿಗೆ ತಂದಾಗ ಬಾಯಿ ಬಿಡದ ಮಕ್ಕಳು ಮಾತಾಡತೊಡಗಿದರು.

ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸತ್ಯವಿಶ್ವಾಸಿಯನ್ನು ಹೋಲುವ ಮರ ಯಾವುದೆಂದು ಪ್ರವಾದಿ(ಸ) ಒಮ್ಮೆ ಸಭೆಯಲ್ಲಿ ಕೇಳಿದರು. ಅದು ಖರ್ಜೂರದ ಮರವೆಂದು ಇಬ್ನು ಉಮರ್(ರ)ರಿಗೆ ಹೊಳೆದಿತ್ತು. ಆದರೆ ಸಭೆಯಲ್ಲಿ ಅವರು ಕಿರಿಯರು; ಅಬೂಬಕರ್(ರ), ಉಮರ್(ರ)ರಂಥವರೇ ಸುಮ್ಮನಿರುವಾಗ ಹೇಳಲು ನಾಚಿಕೊಂಡರು. ಬಳಿಕ ತಂದೆಗೆ ತಿಳಿಸಿದಾಗ ಉಮರ್(ರ) ಅದಬು ಕಾಪಾಡಿದೆ ಎಂದು ಹೊಗಳಲಿಲ್ಲ, ಗದರಲೂ ಇಲ್ಲ. ನೀನು ಹೇಳಿದ್ದರೆ ನನಗೆ ಎಷ್ಟೋ ಪ್ರಿಯವಾಗುತ್ತಿತ್ತು ಎಂಬರ್ಥದಲ್ಲಿ ಮಾತಾಡಿದರು.

ಹಾಗಾದರೆ ಮಕ್ಕಳು ಉತ್ತರಿಸಲು ಕಲಿಯಬೇಡವೇ? ಕಲಿಯಲೇಬೇಕು. ನಾಳೆ ಪರೀಕ್ಷೆ, ಸಂದರ್ಶನ ಯಾರನ್ನೂ ಬಿಡುವುದಿಲ್ಲ. ಆದರೆ ಅರಿಯದ ಮಗು ಯಾವುದು, ಅರಿತೂ ಸುಮ್ಮನಿರುವ ಮಗು ಯಾವುದೆಂದು ನೋಡದೆ ತೀರ್ಪು ಕೊಡುವುದು ನನ್ನ ದೃಷ್ಟಿಯಲ್ಲಿ ಸುಳ್ಳು ಸಾಕ್ಷ್ಯಕ್ಕೆ ಸಮಾನ. ನಾನು ಅದನ್ನು ತಂದೆಯ ಮುಂದೆಯೇ ನುಡಿದಿದ್ದೆ.

ಅವರ ಮನೆಗೆ ಹೋಗಿ ಮಾತನ್ನು ಹಿಂತೆಗೆದುಕೊಂಡೆ. ಮುಂದೊಂದು ದಿನ ಟ್ಯಾಂಕಿಯಲ್ಲಿ ನೀರಿರಲಿಲ್ಲ, ಒಂದೇ ಬಕೆಟು ಉಳಿದಿತ್ತು. ಇಷ್ಟರಲ್ಲಿ ಎಲ್ಲರ ವುಳೂ ಹೇಗೆಂದು ನಿಜವಾಗಿಯೂ ತೋಚದೆ ಹುಡುಗರನ್ನೇ ಕೇಳಿದೆ. ಯಾರೂ ಕೈ ಅದ್ದಬಾರದು ಉಸ್ತಾದ್, ಚೆಂಬಿನಲ್ಲಿ ಮೊಗೆದು ಹೊಯ್ಯಬೇಕು, ಚಿಕ್ಕವರಿಗೆ ನಾನು ಹೊಯ್ಯುತ್ತೇನೆ ಎಂದು ಬ್ಯಾರಿಯಲ್ಲಿ ಹೇಳಿದವನು ಅವನೇ.