ಕೂಸಿನ ಕೆಮ್ಮಿಗೆ ಯಾರ ಕರ್ಮ ಹೊಣೆ?

2025ರ ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳ ಸುದ್ದಿ ದೇಶದ ಟಿ.ವಿ. ಚಾನೆಲ್‌ಗಳಲ್ಲೆಲ್ಲ ಓಡಿತು. ಒಂದು ಮೂರು ತಿಂಗಳ ಹೆಣ್ಣುಮಗು, ಇನ್ನೊಂದು ಎಂಟು ತಿಂಗಳ ಗಂಡುಮಗು. ಎರಡಕ್ಕೂ ಎಚ್‌ಎಂಪಿವಿ ಎಂಬ ವೈರಸ್ ತಗುಲಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಖಚಿತಪಡಿಸಿತ್ತು. ಚೀನಾದ ಆಸ್ಪತ್ರೆಗಳು ತುಂಬಿ ತುಳುಕುತ್ತಿವೆ ಎನ್ನುವ ವಿಡಿಯೊಗಳು ಅಷ್ಟರಲ್ಲಾಗಲೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದವು. ಆದರೆ ಈ ಮಕ್ಕಳು ಹೊರದೇಶಕ್ಕೆ ಹೋಗಿ ಬಂದವರಲ್ಲ. ವೈರಸ್ಸೂ ಹೊಸದಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2001ರಲ್ಲಿ. ಕಾಪಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ 1958ರಲ್ಲೇ ಅದು ಮನುಷ್ಯರ ನಡುವೆ ಓಡಾಡಿಕೊಂಡಿದ್ದುದು ತಿಳಿದುಬಂತು. ಹೆಣ್ಣುಮಗು ಗುಣವಾಗಿ ಮನೆಗೆ ಹೋಗಿತ್ತು, ಗಂಡುಮಗು ಚೇತರಿಸಿಕೊಳ್ಳುತ್ತಿತ್ತು.

ಭಯ ನಾಲ್ಕು ದಿನಕ್ಕೆ ಇಳಿಯಿತು. ಆದರೆ ಪೀಣ್ಯದ ಮಗ್ಗುಲಿನ ಲಗ್ಗೆರೆಯಂಥ ಕಡೆ ಮಗುವಿಗೆ ಎದೆ ಕಟ್ಟಿದಾಗಲೆಲ್ಲ ಏಳುವ ಇನ್ನೊಂದು ಪ್ರಶ್ನೆ ಇಳಿಯಲಿಲ್ಲ: ಇದು ಯಾರ ತಪ್ಪು?

ಲಗ್ಗೆರೆ ಹಿಂದೆ ಹಳ್ಳಿ. ಪೀಣ್ಯದ ಕಾರ್ಖಾನೆಗಳು ಬೆಳೆದಂತೆ ಬಾಡಿಗೆ ಮನೆಗಳೂ ಒಂದಕ್ಕೊಂದು ಒತ್ತಿಕೊಂಡು ಬೆಳೆದವು. ತುಮಕೂರು, ಹಾಸನ, ಮಂಡ್ಯದ ಕಡೆಯಿಂದ, ಉತ್ತರ ಕರ್ನಾಟಕದಿಂದ ಬಂದವರು ಒಂದೇ ಕೋಣೆಯ ಮನೆಗಳಲ್ಲಿ ಸಂಸಾರ ಹೂಡಿದರು. ಗಂಡ ಲೇತ್ ಮಷೀನಿಗೆ, ಹೆಂಡತಿ ಗಾರ್ಮೆಂಟ್ಸ್‌ಗೆ, ಮಗು ಊರಿಂದ ಬಂದ ಅಜ್ಜಿಯ ಮಡಿಲಿಗೆ. ಮಳೆಗಾಲ ಹಿಡಿದ ಮೇಲೆ ಮಗುವಿನ ಎದೆ ಗೊರಗೊರ ಎನ್ನತೊಡಗಿದರೆ ಮೊದಲು ಬರುವ ಮಾತುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬಾಣಂತನದಲ್ಲಿ ತಣ್ಣೀರು ಮುಟ್ಟಿದೆ. ಬಾಳೆಹಣ್ಣು ತಿಂದು ಹಾಲು ಕುಡಿಸಿದೆ. ಯಾರ ಕಣ್ಣು ಬಿತ್ತೋ. ಹರಕೆ ತೀರಿಸಲಿಲ್ಲವಲ್ಲ. ಕೊನೆಗೆ, ಯಾವ ಜನ್ಮದ ಕರ್ಮವೋ, ಪಾಪ, ಕೂಸು ಅನುಭವಿಸುತ್ತಿದೆ.

ಇವುಗಳಲ್ಲಿ ಹೆಚ್ಚಿನವು ಬಂದು ನಿಲ್ಲುವುದು ತಾಯಿಯ ಮೇಲೆ.

ಕೆಮ್ಮಿನ ಮಟ್ಟಿಗೆ ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಕೂಸುಗಳ ಶ್ವಾಸಕೋಶವನ್ನು ಅತಿ ಹೆಚ್ಚು ಕಾಡುವ ವೈರಸ್ ಆರ್‌ಎಸ್‌ವಿ. 1956ರಲ್ಲಿ ಅದು ಮೊದಲು ಸಿಕ್ಕಿದ್ದು ನೆಗಡಿ ಹಿಡಿದಿದ್ದ ಚಿಂಪಾಂಜಿಗಳಲ್ಲಿ. ಎರಡು ವರ್ಷ ತುಂಬುವುದರೊಳಗೆ ಜಗತ್ತಿನ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ತಗುಲುತ್ತದೆ. ದೊಡ್ಡವರಲ್ಲಿ ಮೂಗು ಸೋರಿಸಿ ಹೋಗುವ ಇದೇ ವೈರಸ್, ಕೂಸಿನ ಎಳೆಯ, ಕಿರಿದಾದ ಶ್ವಾಸನಾಳಗಳಲ್ಲಿ ಊತ ತಂದು ಕಫ ತುಂಬಿಸಿ ಗಾಳಿಯ ದಾರಿಯನ್ನೇ ಕಟ್ಟುತ್ತದೆ. ಹರಕೆ ತೀರಿಸಿದ ಮನೆಗೂ ತೀರಿಸದ ಮನೆಗೂ, ಸದಾಶಿವನಗರದ ಬಂಗಲೆಗೂ ಲಗ್ಗೆರೆಯ ಶೀಟಿನ ಮನೆಗೂ ತಪ್ಪದೆ ಬರುವುದನ್ನು ಯಾರೋ ಒಬ್ಬರ ಪಾಪದ ಫಲವೆಂದು ಹೇಗೆ ಒಪ್ಪುವುದು?

ಧರ್ಮಗ್ರಂಥಗಳೇ ಇದನ್ನು ಸಾರಾಸಗಟಾಗಿ ಒಪ್ಪಿಲ್ಲ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನ ಬಳಿ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಆರೈಕೆಯ ಏರುಪೇರು, ಹೊರಗಿನ ಪೆಟ್ಟು ಇವೆಲ್ಲ ಆದ ಮೇಲೆ ಎಂಟನೆಯದಾಗಿ ಬರುತ್ತದೆ ಕರ್ಮಫಲ. ಎಲ್ಲವನ್ನೂ ಹಿಂದಿನದಕ್ಕೇ ಕಟ್ಟುವವರು ತಾವೇ ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವನ ಆಕ್ಷೇಪ. ಕಫವನ್ನೂ ಋತುವನ್ನೂ ಅಷ್ಟು ಹಿಂದೆಯೇ ಕರ್ಮದಿಂದ ಬೇರೆಯಾಗಿ ಎಣಿಸಿದ ಈ ಮಾತು ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಕಿವಿಗೆ ಬೀಳಲೇಬೇಕು. ಯೋಹಾನನ ಸುವಾರ್ತೆಯಲ್ಲೂ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಯೇಸುವನ್ನು ಕೇಳುತ್ತಾರೆ. ಇಬ್ಬರೂ ಅಲ್ಲ ಎನ್ನುವುದು ಅವನ ಉತ್ತರ.

ಇನ್ನೂ ಆಳಕ್ಕೆ ಹೋದದ್ದು ಚರಕ ಸಂಹಿತೆ. ಅದರ ವಿಮಾನಸ್ಥಾನದ ಮೂರನೆಯ ಅಧ್ಯಾಯವಿರುವುದು ಊರಿಗೆ ಊರನ್ನೇ ಬಡಿಯುವ ರೋಗಗಳ ಬಗ್ಗೆ. ಪಾಂಚಾಲದ ಕಾಂಪಿಲ್ಯದಲ್ಲಿ, ಬೇಸಿಗೆಯ ಕೊನೆಯಲ್ಲಿ, ಗಂಗೆಯ ದಡದ ಕಾಡಿನಲ್ಲಿ ನಡೆಯುತ್ತಿದ್ದ ಪುನರ್ವಸು ಆತ್ರೇಯನನ್ನು ಶಿಷ್ಯ ಅಗ್ನಿವೇಶ ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ದೇಹ ಬೇರೆ, ವಯಸ್ಸು ಬೇರೆ, ಹಾಗಿದ್ದೂ ಒಂದೇ ಕಾಲಕ್ಕೆ ಒಂದೇ ರೋಗದಿಂದ ಊರು ಹಾಳಾಗುವುದು ಹೇಗೆ? ಎಲ್ಲರೂ ಹಂಚಿಕೊಳ್ಳುವ ನಾಲ್ಕು ಕೆಟ್ಟಾಗ ಹಾಗಾಗುತ್ತದೆ ಎನ್ನುತ್ತಾನೆ ಗುರು. ಗಾಳಿ, ನೀರು, ನೆಲ, ಕಾಲ. ಕೆಟ್ಟ ಗಾಳಿಯ ಲಕ್ಷಣಗಳಲ್ಲಿ ಒಗ್ಗದ ವಾಸನೆ, ಆವಿ, ಮರಳು, ಧೂಳು, ಹೊಗೆ ಸೇರಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿರುವ ಪೀಣ್ಯದ ಮಗ್ಗುಲಲ್ಲಿ ಬದುಕುವವರಿಗೆ ಇದಕ್ಕೆ ಟೀಕೆ ಬೇಕಿಲ್ಲ.

ಅಗ್ನಿವೇಶ ಅಲ್ಲಿಗೆ ಬಿಡುವುದಿಲ್ಲ. ಈ ನಾಲ್ಕೂ ಕೆಡುವುದಕ್ಕೆ ಮೂಲವೇನು ಎನ್ನುತ್ತಾನೆ. ಅಧರ್ಮ ಎಂದು ಉತ್ತರ ಬರುತ್ತದೆ. ಯಾರ ಅಧರ್ಮ ಎಂಬುದನ್ನೂ ಆತ್ರೇಯ ಬಿಡಿಸಿ ಹೇಳುತ್ತಾನೆ: ದೇಶದ, ನಗರದ ಮುಖ್ಯಸ್ಥರು ಧರ್ಮ ಮೀರಿ ಜನರನ್ನು ಆಳುತ್ತಾರೆ; ಅವರನ್ನು ಆಶ್ರಯಿಸಿದವರು, ಪಟ್ಟಣಿಗರು, ಹಳ್ಳಿಗರು, ವ್ಯಾಪಾರದಿಂದ ಬದುಕುವವರು ಆ ಅಧರ್ಮವನ್ನು ಬೆಳೆಸುತ್ತಾರೆ. ದೇವತೆಗಳು ಊರು ಬಿಡುವುದು, ಶಾಪ, ರಾಕ್ಷಸರು ಎಲ್ಲವೂ ಆ ಅಧ್ಯಾಯದಲ್ಲಿವೆ. ಇಂದಿನ ಓದುಗ ಅಷ್ಟನ್ನೂ ನಂಬಬೇಕಾಗಿಲ್ಲ. ಆದರೆ ಹೊಣೆಯ ದಿಕ್ಕನ್ನು ಗಮನಿಸಬೇಕು. ಊರಿಗೆ ಬಂದ ರೋಗದ ಬೇರನ್ನು ಹುಡುಕಹೊರಟ ಆತ್ರೇಯ ಮೊದಲು ಬೆರಳು ತೋರಿಸುವುದು ಅಧಿಕಾರ ಇರುವವರ ಕಡೆಗೆ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈಗ ಮಾಡುವುದು ಪುರುಷಕಾರ ಎಂದು ಬಿಡಿಸಿ, ಆಯುಸ್ಸು ಎರಡನ್ನೂ ಅವಲಂಬಿಸಿದೆ ಎನ್ನುತ್ತದೆ ಅದೇ ಅಧ್ಯಾಯ.

ಈ ಕಣ್ಣಿನಿಂದ ನೋಡಿದರೆ ಅಂಕಿಅಂಶಕ್ಕೂ ಅರ್ಥ ಬರುತ್ತದೆ. 2019ರಲ್ಲಿ ಆರ್‌ಎಸ್‌ವಿಯಿಂದ ಐದು ವರ್ಷದೊಳಗಿನ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರೆಂಬುದು ತಜ್ಞರ ಅಂದಾಜು. ಅದರಲ್ಲಿ ಶೇ 97ರಷ್ಟು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳದ್ದು. ಸೋಂಕು ಎಲ್ಲರಿಗೂ ಸಮ, ಸಾವು ಸಮವಲ್ಲ. ಆಕ್ಸಿಜನ್ ಸಿಗುವ ಆಸ್ಪತ್ರೆ ಎಷ್ಟು ದೂರ, ಕೋಣೆಯಲ್ಲಿ ಎಷ್ಟು ಜನ, ಹೊಗೆ ಎಷ್ಟು, ಎದೆಹಾಲು ಸಿಗುತ್ತಿದೆಯೇ, ತಾಯಿಗೆ ರಜೆ ಇದೆಯೇ ಎಂಬುದರ ಮೇಲೆ ಅದು ನಿಂತಿದೆ. ಇವೆಲ್ಲ ಈ ಜನ್ಮದ, ನಮ್ಮ ನಡುವಿನ ಸಂಗತಿಗಳು. 2017ರ ತಿದ್ದುಪಡಿಯ ನಂತರ ಕಾನೂನು 26 ವಾರಗಳ ಹೆರಿಗೆ ರಜೆಯನ್ನೂ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯ ಮಾಡಿದೆ. ಗುತ್ತಿಗೆಯ ಕೆಲಸಗಾರ್ತಿಗೆ ಅದನ್ನು ತಪ್ಪಿಸುವುದು ಚರಕನ ಮಾತಿನಲ್ಲಿ ಅಧರ್ಮವೇ.

ವ್ಯಾಪಾರಿಗಳ ಅಧರ್ಮಕ್ಕೆ ತೀರ ಹತ್ತಿರದ ಸಾಕ್ಷಿಯಿದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಿರಪ್‌ನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಆ ಹೆತ್ತವರು ಮಗುವಿನ ಮೇಲಿನ ಅಕ್ಕರೆಯಿಂದಲೇ ಚಮಚ ಹಿಡಿದಿದ್ದರು. ಅವರಿಗೆ ಪೂರ್ವಜನ್ಮದ ಕತೆ ಹೇಳಲು ಯಾರಿಗೆ ಬಾಯಿ ಬರುತ್ತದೆ? ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚಿಸಿತು. ವೈರಸ್‌ಗೆ ಆ್ಯಂಟಿಬಯೋಟಿಕ್ ಕೂಡ ತಾಗುವುದಿಲ್ಲ.

ಹಾಗೆಂದು ದೇವರನ್ನು ಮನೆಯಿಂದ ಹೊರಗಿಡಬೇಕಾಗಿಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಬೆಂಗಳೂರು ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿತು. ಗಾಳಿ, ಬೆಳಕು ಆಡುವ ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರವನ್ನೂ ಬೆಳೆಸಿತು. ಅಮ್ಮನಿಗೆ ಕೈ ಮುಗಿದವರು ಬೀದಿ ಅಗಲ ಮಾಡುವುದನ್ನು ಬಿಡಲಿಲ್ಲ. ಅದೇ ಮಲ್ಲೇಶ್ವರದಿಂದ ಕೆಲವೇ ಕಿಲೋಮೀಟರ್ ದೂರದ ಲಗ್ಗೆರೆಗೆ ಆ ಗಾಳಿ, ಬೆಳಕಿನ ಪಾಲು ಸಿಗಲಿಲ್ಲ. ಮಗುವಿಗೆ ದೃಷ್ಟಿ ತೆಗೆಯಲಿ, ತಾಯತ ಕಟ್ಟಲಿ, ದರ್ಗಾದಲ್ಲಿ ಊದಿಸಲಿ; ಅದರಿಂದ ಅಜ್ಜಿಯ ಮನಸ್ಸಿಗೆ ಧೈರ್ಯ ಬಂದರೆ ಒಳ್ಳೆಯದೇ. ಆಸ್ಪತ್ರೆಗೆ ಹೊರಡುವುದು ಅದರಿಂದ ತಡವಾಗಬಾರದು, ಅಷ್ಟೇ. ಕಾದ ಕಂಬಿಯಿಂದ ಹೊಟ್ಟೆಗೆ, ಎದೆಗೆ ಬರೆ ಹಾಕುವುದು ಮಾತ್ರ ಯಾವ ದೇವರ ಹೆಸರಿನಲ್ಲೂ ಕ್ಷಮೆಯಿಲ್ಲದ ಹಿಂಸೆ.

ಮಗುವನ್ನು ಕಳೆದುಕೊಂಡವರ ವಿಷಯ ಬೇರೆ. ಋಣ ಅಷ್ಟೇ ಇತ್ತು ಎಂದು ಅವರೇ ಹೇಳಿಕೊಂಡು ಉಸಿರು ಹಿಡಿದು ಬದುಕುವುದಾದರೆ ಆ ಮಾತಿಗೆ ತಲೆಬಾಗಬೇಕು. ಅದೇ ಮಾತನ್ನು ಪಕ್ಕದ ಮನೆಯವರು ಹೇಳಿದರೆ ಆರೋಪವಾಗುತ್ತದೆ.

ಮಗುವಿನ ಕೆಮ್ಮು ಕೇಳಿದಾಗ ಅದರ ತಾಯಿ ಏನು ತಿಂದಳೆಂದು ಯಾರೂ ಕೇಳದಿರಲಿ. ಮಗು ಸಮಾಧಾನವಾಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಅಲ್ಲಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕೂ ಹೆಚ್ಚು ಬಂದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದೆ ಹೋದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ತಾಯಿಯ ಜೊತೆ ಒಬ್ಬರಾದರೂ ಆಸ್ಪತ್ರೆಗೆ ಹೊರಡಿ.