ಕೈಗೆ ಬಂದದ್ದು, ಬಾಡಿಗೆಗೆ ಹೋದದ್ದು

2024ರ ಮಾರ್ಚ್ ತಿಂಗಳಲ್ಲಿ ನಮ್ಮ ತುಟ್ಟಿಭತ್ಯ ಶೇಕಡ 50 ಮುಟ್ಟಿತೆಂಬ ಸುದ್ದಿ ಬಂದ ದಿನ ಸಂಜೆ, ಕಚೇರಿಯಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, ಮನೆಯ ಮಾಲೀಕರು ಮೆಟ್ಟಿಲಿಳಿದು ಬಂದು ‘ಬಾಬೂಜಿ, ಸಂತೋಷ’ ಎಂದರು. ತುಟ್ಟಿಭತ್ಯ 50 ಮುಟ್ಟಿದರೆ ದೆಹಲಿಯಂಥ ನಗರದಲ್ಲಿ ಮನೆಬಾಡಿಗೆ ಭತ್ಯ ಶೇಕಡ 27ರಿಂದ 30ಕ್ಕೆ ಏರುತ್ತದೆಂಬ ನಿಯಮ ನಮ್ಮ ವಿಭಾಗದಲ್ಲೇ ಕೆಲವರಿಗೆ ತಿಳಿದಿರಲಿಲ್ಲ; ಅವರಿಗೆ ತಿಳಿದಿತ್ತು. ಕರೋಲ್ ಬಾಗಿನಲ್ಲಿ ಸರ್ಕಾರಿ ನೌಕರರಿಗೆ ಮನೆ ಕೊಟ್ಟವರು ವೇತನ ಆಯೋಗದ ವರದಿಯನ್ನು ನಮಗಿಂತ ಶ್ರದ್ಧೆಯಿಂದ ಓದುತ್ತಾರೆ. ನಮಗೆ ಭತ್ಯದಲ್ಲಿ ಏರಿದ್ದು ಸಾವಿರದ ಮುನ್ನೂರು ಚಿಲ್ಲರೆ. ಮುಂದಿನ ಕರಾರಿನಲ್ಲಿ ಬಾಡಿಗೆ ಏರಿದ್ದು ಸಾವಿರದ ಐನೂರು.

ಇದನ್ನು ಗೊಣಗಾಟಕ್ಕೆಂದು ಬರೆಯುತ್ತಿಲ್ಲ. ಬಡವ ಬಲ್ಲಿದನೆನ್ನದೆ ಪ್ರತಿಯೊಬ್ಬ ಪ್ರಜೆಗೂ ತಿಂಗಳಿಗಿಷ್ಟು ಎಂದು ಸರ್ಕಾರ ಕೊಟ್ಟುಬಿಡಬೇಕೆಂಬ ಮಾತು ಈಗ ಹಲವೆಡೆ ಕೇಳಿಬರುತ್ತಿದೆ. 2017ರ ಜನವರಿಯಲ್ಲಿ ಸಂಸತ್ತಿಗೆ ಬಂದ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿತ್ತು. ಅದರಲ್ಲಿ ಲೆಕ್ಕ ಹಾಕಿದ್ದು ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ 2,540. ನಮ್ಮಂಥ ಬಾಡಿಗೆದಾರರಿಗೆ ಕೂಡಲೇ ಏಳುವ ಪ್ರಶ್ನೆ ಒಂದೇ: ಈ ಹಣವೂ ಮಾಲೀಕರ ಮಹಡಿಯ ಮೆಟ್ಟಿಲು ಹತ್ತುವುದೇ?

ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರದಲ್ಲಿ ಈಗ ನೆನಪಿರುವುದು ಸ್ವಲ್ಪವೇ. ಗಾತ್ರ ಹಿಗ್ಗದ ಪಾತ್ರೆಯಲ್ಲಿ ಅನಿಲವನ್ನು ಕಾಯಿಸಿದರೆ ಒತ್ತಡ ಏರುತ್ತದೆ, ಇಷ್ಟು ನೆನಪಿದೆ. ಕರೋಲ್ ಬಾಗು ಅಂಥ ಪಾತ್ರೆ. ಇದ್ದ ನೆಲದ ಮೇಲೆಲ್ಲ ನಾಲ್ಕು ಅಂತಸ್ತು ಎದ್ದು ನಿಂತಾಗಿದೆ. ಕೋಣೆಗಳು ಹೆಚ್ಚುವುದಿಲ್ಲ, ಬರುವವರ ಜೇಬು ಮಾತ್ರ ಹೆಚ್ಚುತ್ತದೆ. ಪಕ್ಕದ ಓಲ್ಡ್ ರಾಜಿಂದರ್ ನಗರದಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುವ ನಮ್ಮ ಕಡೆಯ ಹುಡುಗರನ್ನು ಕೇಳಿ ನೋಡಿ. ಮಂಚ, ಮೇಜು ಹಾಕಿದರೆ ತಿರುಗಲು ಜಾಗವಿಲ್ಲದ ಕೋಣೆಗೆ, ನಮ್ಮೂರಿನಲ್ಲಿ ಹಿತ್ತಲು ಸಹಿತ ಮನೆ ಸಿಗುವ ಬಾಡಿಗೆ. ತುಮಕೂರಿನ ಕಡೆಯ ಹುಡುಗನೊಬ್ಬ ಭಾನುವಾರ ಆಗಾಗ ನಮ್ಮಲ್ಲಿ ಊಟಕ್ಕೆ ಬರುತ್ತಾನೆ. ಅವನ ತಾಯಿಗೆ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಆಕೆ ಅದನ್ನು ಮುಟ್ಟದೆ ಮಗನಿಗೆ ಕಳಿಸುತ್ತಾರೆ, ಮಗ ಕೋಣೆಯ ಬಾಡಿಗೆಗೆ ಸೇರಿಸುತ್ತಾನೆ. ಕರ್ನಾಟಕದ ಬೊಕ್ಕಸದಿಂದ ಹೊರಟ ಹಣ ರಾಜಿಂದರ್ ನಗರದ ಮಾಲೀಕರೊಬ್ಬರ ಕೈ ಸೇರಿತು. ತಾಯಿಯದೂ ತಪ್ಪಿಲ್ಲ, ಮಗನದೂ ತಪ್ಪಿಲ್ಲ.

ಪ್ರಯೋಗ ಮಾಡಿ ನೋಡಬಾರದೇ ಎಂದರೆ, ಮಾಡಿದ್ದಾರೆ. 2011ರಲ್ಲಿ ಇಲ್ಲೇ ಪಶ್ಚಿಮ ದೆಹಲಿಯ ರಘುಬೀರ್ ನಗರದಲ್ಲಿ ‘ಸೇವಾ’ ಸಂಸ್ಥೆ ನೂರು ಬಡ ಕುಟುಂಬಗಳಿಗೆ ರೇಷನ್ನಿನ ಬದಲು ತಿಂಗಳಿಗೆ 1,000 ರೂಪಾಯಿ ಕೊಡಿಸಿತು. ಆ ಹಣದಿಂದ ಮನೆಗಳಲ್ಲಿ ಏನಾಯಿತೆಂಬುದಕ್ಕೆ ಬೆಲೆಯುಂಟು. ಆದರೆ ನಮ್ಮ ಪ್ರಶ್ನೆಗೆ ಅದರಿಂದ ಉತ್ತರ ಸಿಗಲಾರದು. ಇಷ್ಟು ದೊಡ್ಡ ಊರಿನಲ್ಲಿ ನೂರೇ ಮನೆಗೆ ಹಣ ಬಂದರೆ ಯಾವ ಮಾಲೀಕ ಬಾಡಿಗೆ ಏರಿಸುತ್ತಾನೆ? ಎಲ್ಲರಿಗೂ ಬಂದಿದೆಯೆಂದು ಗೊತ್ತಾದ ದಿನ ಏರಿಸುತ್ತಾನೆ.

ಹಾಗಾದರೆ ಕೊಡುವುದೇ ವ್ಯರ್ಥವೇ? ನಾವೂ ಮೊದಲು ಹಾಗೆಂದೇ ಎಣಿಸಿದ್ದೆವು. ನಮ್ಮ ಮನೆಯಾಕೆ ಒಂದು ಮಾತು ಕೇಳಿದರು: ‘ನಮಗೇನೋ ಸರ್ಕಾರ ಕೊಡುತ್ತೆ, ಕೆಳಗಿನ ದರ್ಜಿಗೆ ಯಾರು ಕೊಡುತ್ತಾರೆ?’ ದರ್ಭಂಗದ ಕಡೆಯ ಆತ ಹೆಂಡತಿ ಮಕ್ಕಳೊಂದಿಗೆ ನೆಲ ಅಂತಸ್ತಿನ ಹಿಂದಿನ ಕೋಣೆಯಲ್ಲಿದ್ದಾನೆ. ನಮ್ಮ ಬಾಡಿಗೆ ಏರಿದ ತಿಂಗಳೇ ಅವನದೂ ಏರಿತು. ತುಟ್ಟಿಭತ್ಯವೆಂದರೇನೆಂದು ಅವನಿಗೆ ಗೊತ್ತಿಲ್ಲ. ನಾವು ಕೊಡಬಲ್ಲೆವೆಂದು ಗೊತ್ತಾದ್ದರಿಂದ ಅವನೂ ಕೊಡಬೇಕಾಯಿತು. ಇಷ್ಟು ವರ್ಷ ಬಾಡಿಗೆ ಭತ್ಯವನ್ನು ನಮ್ಮ ಹಕ್ಕೆಂದು ಪಡೆದ ನಾವು, ಅದರ ಭಾರ ಇನ್ನೊಬ್ಬನ ಹೆಗಲ ಮೇಲೂ ಬೀಳುತ್ತದೆಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿರುವುದಕ್ಕಿಂತ ಎಲ್ಲರಿಗೂ ಕೊಡುವುದು ಲೇಸೆಂದು ಈಗ ಅನ್ನಿಸುತ್ತದೆ. ಬಾಡಿಗೆ ಏರಿದರೂ ದರ್ಜಿಯ ಕೈಯಲ್ಲಿ ಏನಾದರೂ ಇರುತ್ತದೆ.

ಇನ್ನೊಂದು ಸಂಗತಿಯಿದೆ. ನಮ್ಮ ಭತ್ಯ ದೆಹಲಿಯಲ್ಲಿ ಶೇಕಡ 30, ಮೈಸೂರಿನಲ್ಲಿ 20, ಹಾಸನದಲ್ಲಿ 10. ಮನೆ ಎಲ್ಲಿ ತುಟ್ಟಿಯೋ ಅಲ್ಲಿಗೇ ಹೆಚ್ಚು ಹಣ. ಎಲ್ಲರಿಗೂ ಕೊಡುವ ಮೊತ್ತವಾದರೋ ಕರೋಲ್ ಬಾಗಿಗೂ ದರ್ಭಂಗಕ್ಕೂ ಒಂದೇ. ಇಲ್ಲಿ ಅದು ಬಾಡಿಗೆಯ ಮೂಲೆಗೂ ಸಾಲದು, ಅಲ್ಲಿ ಅಕ್ಕಿ ಬೇಳೆಗೆ ಆದೀತು. ಹತ್ತರಲ್ಲಿ ಒಬ್ಬ ದರ್ಜಿಯಾದರೂ ಊರಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ನಿಂತರೆ ಇಲ್ಲಿ ಒಂದು ಕೋಣೆ ಖಾಲಿಯಾಗುತ್ತದೆ.

ಕಾಯ್ದೆಯಿಂದ ಬಾಡಿಗೆ ತಡೆಯಬಹುದೆನ್ನುವವರು 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ನೋಡಬೇಕು. ಹಳೆಯ ಬಾಡಿಗೆದಾರರು ಚಿಲ್ಲರೆ ಕಾಸು ಕೊಟ್ಟು ಕೂತರು, ಮಾಲೀಕರು ಸುಣ್ಣ ಬಳಿಯುವುದನ್ನೂ ಬಿಟ್ಟರು. 1988ರಲ್ಲಿ ತಿಂಗಳಿಗೆ 3,500ಕ್ಕೆ ಮೇಲ್ಪಟ್ಟ ಬಾಡಿಗೆಗಳನ್ನು ಅದರಿಂದ ಹೊರಗಿಟ್ಟಮೇಲೆ ನಮ್ಮಂಥವರಿಗೆ ಅದರ ನೆರಳೂ ಇಲ್ಲ.

ನಮಗೆ ಹೆಚ್ಚು ಸರಿಯೆನಿಸುವುದು ಥಾಮಸ್ ಪೇನ್ ಎಂಬಾತ 1797ರಲ್ಲಿ ಬರೆದ ವಿಚಾರ. ಭೂಮಿ ಮೂಲತಃ ಎಲ್ಲರದು, ಅದನ್ನು ಹಿಡಿದವನು ಸಮಾಜಕ್ಕೆ ಬಾಡಿಗೆ ಸಲ್ಲಿಸಬೇಕಾದವನು. ಆ ನಿಧಿಯಿಂದ 21 ತುಂಬಿದವರಿಗೆಲ್ಲ 15 ಪೌಂಡು, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡು ಕೊಡಬೇಕೆಂದ. 2005ರ ಡಿಸೆಂಬರ್ 31ರಂದು ಕರೋಲ್ ಬಾಗಿಗೆ ಮೆಟ್ರೋ ಬಂತು. ಹಳಿ ಹಾಕಿದ್ದು ಎಲ್ಲರ ತೆರಿಗೆಯಿಂದ, ಬೆಲೆ ಏರಿದ್ದು ನಿಲ್ದಾಣದ ಸುತ್ತಲಿನ ನೆಲಕ್ಕೆ. ಒಂದು ಇಟ್ಟಿಗೆಯನ್ನೂ ಸರಿಸದೆ ಬಂದ ಆ ಏರಿಕೆಯಲ್ಲಿ ಒಂದು ಪಾಲನ್ನು ತೆರಿಗೆಯಾಗಿ ತೆಗೆದುಕೊಂಡು, ಎಲ್ಲರಿಗೂ ಕೊಡುವ ಹಣವನ್ನು ಅದರಿಂದಲೇ ಕೊಟ್ಟರೆ, ಮೆಟ್ಟಿಲು ಹತ್ತಿದ ಹಣ ಮತ್ತೆ ಇಳಿದುಬಂದೀತು.

ಇಷ್ಟು ಬರೆದಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಹಾಸನದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಿದೆ. ಸರ್ಕಾರಿ ಶಾಲೆಯ ಮೇಷ್ಟರೊಬ್ಬರು ಬಾಡಿಗೆಗಿದ್ದಾರೆ, ಸಭ್ಯರು. 2024ರ ಆಗಸ್ಟಿನಲ್ಲಿ ರಾಜ್ಯದ 7ನೆಯ ವೇತನ ಆಯೋಗದ ಸಂಬಳ ಜಾರಿಗೆ ಬಂದಾಗ ತಮ್ಮ ಫೋನು ಮಾಡಿದ್ದ: ‘ಅಣ್ಣ, ಮೇಷ್ಟರಿಗೆ ಸಂಬಳ ಜಾಸ್ತಿಯಾಯಿತಂತೆ, ಬಾಡಿಗೆ ಎಷ್ಟು ಏರಿಸೋಣ?’ ಏರಿಸೋಣವೇ ಎಂದು ಅವನು ಕೇಳಲಿಲ್ಲ. ನಾವೂ ಏರಿಸುವುದು ಬೇಡವೆನ್ನಲಿಲ್ಲ. ‘ಐನೂರು ಏರಿಸು’ ಎಂದೆವು.